ಮಾತು ಬಿಟ್ಟ ಗಾಡಿ



ಹೋದ ವರ್ಷ ಆಷಾಢದ ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಸಂಜೆ ತೀರ್ಥಹಳ್ಳಿ ಕಡೆಯಿಂದ ನನಗೊಂದು ಫೋನು ಬಂತು. ಮಾತಾಡಿದವನು ನನ್ನ ಹಳೆಯ ವಿದ್ಯಾರ್ಥಿ. ವಾಹನಗಳ ವೈರಿಂಗ್ ಕೆಲಸವನ್ನು ನನ್ನ ಹತ್ತಿರ ಎರಡು ವರ್ಷ ಕಲಿತು, ಎಲೆಕ್ಟ್ರಿಕ್ ಗಾಡಿಗಳ ತರಬೇತಿಯನ್ನೂ ಮುಗಿಸಿ, ಊರಲ್ಲೇ ಒಂದು ಶೆಡ್ಡು ಹಾಕಿಕೊಂಡವನು.

"ಸಾರ್, ಒಂದು ಎಲೆಕ್ಟ್ರಿಕ್ ಕಾರು ತಳ್ಳಿಸಿಕೊಂಡು ಬಂದಿದೆ. ಅಡಿಕೆ ತೋಟದವರದು. ಬಟನ್ ಒತ್ತಿದ್ರೆ ಡಿಸ್‌ಪ್ಲೇ ಬರುತ್ತೆ, ರೆಡಿ ಅಂತ ಮಾತ್ರ ಬರಲ್ಲ. ಸ್ಕ್ಯಾನರ್ ಹಾಕಿದೆ. ದೊಡ್ಡ ಬ್ಯಾಟರಿನೇ ಹೋಗಿದೆ ಅಂತ ತೋರಿಸ್ತಿದೆ."

"ಹೋಗಿದೆ ಅಂತ ತೋರಿಸ್ತಿದೆಯೋ, ಮಾತಾಡ್ತಿಲ್ಲ ಅಂತ ತೋರಿಸ್ತಿದೆಯೋ? ಅಲ್ಲಿ ಬರೆದಿರೋದನ್ನ ಇದ್ದ ಹಾಗೇ ಓದಪ್ಪ" ಅಂದೆ.

ಓದಿದ. ಯು 0111. ಬ್ಯಾಟರಿಯ ನಿಯಂತ್ರಣ ಪೆಟ್ಟಿಗೆಯ ಜೊತೆ ಸಂಪರ್ಕ ತಪ್ಪಿದೆ ಅಂತ ಅದರ ಅರ್ಥ. ಬ್ಯಾಟರಿ ಕೆಟ್ಟಿದೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಆದರೆ ಅಷ್ಟರಲ್ಲಿ ಬೇರೆ ಯಾರೋ ಗಾಡಿ ನೋಡಿ, ಇಡೀ ಬ್ಯಾಟರಿಯನ್ನೇ ಬದಲಾಯಿಸಬೇಕು ಅಂದು, ಲಕ್ಷಗಳ ಲೆಕ್ಕವನ್ನೂ ಹೇಳಿಬಿಟ್ಟಿದ್ದರು. ಆ ತೋಟದ ಯಜಮಾನರು ಹುಡುಗನ ಶೆಡ್ಡಿನ ಬೆಂಚಿನ ಮೇಲೆ ಮಾತಿಲ್ಲದೆ ಕೂತಿದ್ದಾರೆ ಅಂತ ಅವನು ದನಿ ತಗ್ಗಿಸಿ ಹೇಳಿದ.

ನಮ್ಮ ಊರುಗಳಲ್ಲಿ ಈಗ ಎಲೆಕ್ಟ್ರಿಕ್ ಸ್ಕೂಟರು, ಆಟೊ, ಕಾರು, ಬಸ್ಸು ಎಲ್ಲ ಓಡುತ್ತಿವೆ. ಇವು ನಿಂತಾಗ ಮೋಟಾರು ಸುಟ್ಟಿರುವುದು, ಬ್ಯಾಟರಿ ಸತ್ತಿರುವುದು ಉಂಟು. ಆದರೆ ಎಷ್ಟೋ ಸಲ ಒಳಗಿನ ಪೆಟ್ಟಿಗೆಗಳೆಲ್ಲ ಚೆನ್ನಾಗಿದ್ದು, ಒಂದಕ್ಕೊಂದು ಮಾತು ಬಿಟ್ಟಿರುತ್ತವೆ, ಅಷ್ಟೆ. ಆ ಜಗಳ ಎಲ್ಲಿ ಹುಟ್ಟಿತು ಅಂತ ಹುಡುಕುವ ಬಗೆಯನ್ನು ಇವತ್ತು ನಿಮಗೆ ಹೇಳಬೇಕು ಅಂತಿದ್ದೇನೆ.

ಹಿಂದೆ ಗಾಡಿಯಲ್ಲಿ ಒಂದು ಕೆಲಸಕ್ಕೆ ಒಂದು ತಂತಿ. ಸ್ವಿಚ್ಚಿನಿಂದ ದೀಪಕ್ಕೊಂದು, ಹಾರನ್ನಿಗೊಂದು. ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಹೆಚ್ಚಿದ ಹಾಗೆಲ್ಲ ತಂತಿಯ ಕಟ್ಟು ತೊಡೆಯಷ್ಟು ದಪ್ಪವಾಗುತ್ತ ಹೋಯಿತು. ಜರ್ಮನಿಯ ಬಾಷ್ ಕಂಪನಿಯ ಎಂಜಿನಿಯರುಗಳು 1983ರಲ್ಲಿ ಇದಕ್ಕೊಂದು ದಾರಿ ಹುಡುಕಲು ಕೂತರು. ಪೆಟ್ಟಿಗೆಗಳೆಲ್ಲ ಒಂದೇ ಜೋಡಿ ತಂತಿಯ ಮೇಲೆ ಸರದಿಯಲ್ಲಿ ಮಾತಾಡಲಿ ಎಂಬುದು ಅವರ ಯೋಚನೆ. 1986ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅದನ್ನು ಲೋಕದ ಮುಂದಿಟ್ಟರು. ಹೆಸರು ಕಂಟ್ರೋಲರ್ ಏರಿಯಾ ನೆಟ್‌ವರ್ಕ್. ಗ್ಯಾರೇಜುಗಳಲ್ಲಿ ನಾವು ಕ್ಯಾನ್ ಲೈನ್ ಅನ್ನುತ್ತೇವೆ. ಬೆಂಗಳೂರಿನವರಿಗೆ ಬಾಷ್ ಹೊರಗಿನ ಹೆಸರಲ್ಲ. ಆಡುಗೋಡಿಯಲ್ಲಿದ್ದ ಮೈಕೊ ಕಾರ್ಖಾನೆ ಅದೇ ಬಳಗದ್ದು, ಮೈಕೊ ಲೇಔಟ್ ಎಂಬ ಬಡಾವಣೆ ಆ ಹೆಸರನ್ನು ಇನ್ನೂ ಉಳಿಸಿಕೊಂಡಿದೆ. ಮೈಕೊ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಬಿಚ್ಚಿ ಜೋಡಿಸುತ್ತ ಕೈ ಪಳಗಿಸಿಕೊಂಡ ನನ್ನಂಥ ಎಷ್ಟೋ ಜನ, ಮುಂದೆ ಕ್ಯಾನ್ ಲೈನ್ ಕಲಿಯುವಾಗಲೂ ಅದೇ ಮನೆತನದ ಪಾಠವನ್ನೇ ಓದಿದೆವು.

ಈ ಲೈನಿನ ಮೇಲೆ ಮಾತು ನಡೆಯುವ ರೀತಿಗೆ ಬಾನುಲಿಗಿಂತ ಒಳ್ಳೆಯ ಹೋಲಿಕೆ ನನಗೆ ಗೊತ್ತಿಲ್ಲ. ಈಗ ನಾನು ಆಡುತ್ತಿರುವ ಮಾತು ಯಾರೊಬ್ಬರ ವಿಳಾಸಕ್ಕೂ ಹೋಗುತ್ತಿಲ್ಲ. ರೇಡಿಯೊ ಹಾಕಿಕೊಂಡವರಿಗೆಲ್ಲ ಕೇಳುತ್ತದೆ, ಬೇಕಾದವರು ಮನಸ್ಸಿಗೆ ತೆಗೆದುಕೊಳ್ಳುತ್ತಾರೆ. ಗಾಡಿಯಲ್ಲೂ ಹಾಗೇ. ಬ್ಯಾಟರಿಯ ಪೆಟ್ಟಿಗೆ "ನನ್ನಲ್ಲಿ ಇಷ್ಟು ಚಾರ್ಜಿದೆ, ಇಷ್ಟು ಬಿಸಿಯಿದ್ದೇನೆ, ಇಷ್ಟು ಕರೆಂಟು ಕೊಡಬಲ್ಲೆ" ಅಂತ ಸೆಕೆಂಡಿಗೆ ಹಲವು ಸಲ ಸಾರುತ್ತಿರುತ್ತದೆ. ಮೋಟಾರಿನ ಕಂಟ್ರೋಲರು ಅದನ್ನು ಕೇಳಿ ತನ್ನ ಎಳೆತ ಹೊಂದಿಸಿಕೊಳ್ಳುತ್ತದೆ, ಮೀಟರಿನ ಪರದೆ ಅದನ್ನೇ ಕೇಳಿ ನಮಗೆ ಶೇಕಡಾವಾರು ತೋರಿಸುತ್ತದೆ. ಸಂದೇಶದ ಮೇಲೆ ವಿಷಯದ ಸಂಖ್ಯೆ ಇರುತ್ತದೆಯೇ ಹೊರತು ಯಾರಿಗೆ ಎಂಬುದು ಇರುವುದಿಲ್ಲ.

ಇಬ್ಬರು ಒಟ್ಟಿಗೆ ಮಾತಿಗಿಳಿದರೆ? ಒಂದೇ ತರಂಗಾಂತರದಲ್ಲಿ ಎರಡು ಬಾನುಲಿ ನಿಲಯಗಳಿದ್ದರೆ ಎರಡರ ಮಾತೂ ಕೆಡುತ್ತದೆ. ಕ್ಯಾನ್ ಲೈನಿನಲ್ಲಿ ಕೆಡುವುದಿಲ್ಲ. ಸೊನ್ನೆ ಮತ್ತು ಒಂದು ಎದುರಾದರೆ ತಂತಿಯ ಮೇಲೆ ಸೊನ್ನೆಯೇ ಗೆಲ್ಲುತ್ತದೆ. ಹೀಗಾಗಿ ಯಾರ ಸಂದೇಶದ ಸಂಖ್ಯೆ ಚಿಕ್ಕದೋ ಅವರ ಮಾತು ಮುಂದುವರಿಯುತ್ತದೆ, ಇನ್ನೊಬ್ಬರು ತಕ್ಷಣ ಸುಮ್ಮನಾಗಿ ಸರದಿಗೆ ಕಾಯುತ್ತಾರೆ. ಗೆದ್ದ ಸಂದೇಶದ ಒಂದಕ್ಷರವೂ ಹಾಳಾಗುವುದಿಲ್ಲ. ಪಾಠ ಹೇಳುವಾಗ ಈ ಜಾಗಕ್ಕೆ ಬಂದರೆ ನನಗೆ ಇವತ್ತಿಗೂ ಸಂತೋಷವಾಗುತ್ತದೆ. ಅಷ್ಟು ಅಚ್ಚುಕಟ್ಟಾದ ಕೆಲಸ ಅದು.

ತಂತಿಗಳು ಎರಡು, ಹೈ ಮತ್ತು ಲೋ. ಯಾರೂ ಮಾತಾಡದೆ ಇದ್ದಾಗ ಎರಡರಲ್ಲೂ ಸುಮಾರು ಎರಡೂವರೆ ವೋಲ್ಟ್. ಸೊನ್ನೆ ಹೇಳುವಾಗ ಹೈ ಮೂರೂವರೆಗೆ ಏರುತ್ತದೆ, ಲೋ ಒಂದೂವರೆಗೆ ಇಳಿಯುತ್ತದೆ. ಕೇಳುವ ಪೆಟ್ಟಿಗೆ ಇವೆರಡರ ನಡುವಿನ ಅಂತರವನ್ನು ಮಾತ್ರ ನೋಡುತ್ತದೆ. ತಂತಿಗಳನ್ನು ಜಡೆಯ ಹಾಗೆ ಹೊಸೆದಿರುವುದು ಇದಕ್ಕಾಗಿಯೇ. ಎಲೆಕ್ಟ್ರಿಕ್ ಗಾಡಿಯ ಇನ್ವರ್ಟರ್ ನೂರಾರು ವೋಲ್ಟನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆಯುವಾಗ ಸುತ್ತಲೂ ವಿದ್ಯುತ್ತಿನ ಗದ್ದಲ ಏಳುತ್ತದೆ. ಹೊಸೆದ ತಂತಿಗಳೆರಡಕ್ಕೂ ಆ ಗದ್ದಲ ಒಂದೇ ಅಳತೆಯಲ್ಲಿ ತಾಗುವುದರಿಂದ ಅಂತರ ಬದಲಾಗುವುದಿಲ್ಲ. ರಿಪೇರಿಯಲ್ಲಿ ಆ ಹೊಸೆತವನ್ನು ಗೇಣುದ್ದ ಬಿಚ್ಚಿ ಹಾಗೇ ಬಿಟ್ಟರೆ, ಗಾಡಿ ಶೆಡ್ಡಿನಲ್ಲಿ ಚೆನ್ನಾಗಿದ್ದು, ಘಾಟಿ ಏರುವಾಗ ಕೈಕೊಡಬಹುದು.

ಇನ್ನೊಂದು ವಿಷಯ. ಈ ಲೈನಿನ ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ತುದಿಗೆ ಹೋದ ಸಂಕೇತ ಗೋಡೆಗೆ ಹೊಡೆದ ಚೆಂಡಿನ ಹಾಗೆ ಹಿಂದಿರುಗದಂತೆ ಅವು ತಡೆಯುತ್ತವೆ. ಎರಡೂ ಸಮಾಂತರವಾಗಿರುವುದರಿಂದ, ಗಾಡಿ ಪೂರ್ತಿ ಮಲಗಿದ ಮೇಲೆ ಹೈ ಮತ್ತು ಲೋ ನಡುವೆ ಮೀಟರು ಹಿಡಿದರೆ 60 ಓಮ್ ಬರಬೇಕು. ಕೆಲವೇ ನೂರು ರೂಪಾಯಿಯ ಮಲ್ಟಿಮೀಟರಿನಲ್ಲಿ ಸಿಗುವ ಈ ಒಂದು ಸಂಖ್ಯೆ ಎಷ್ಟೋ ಸಲ ಲಕ್ಷ ರೂಪಾಯಿಯ ಪ್ರಶ್ನೆಗೆ ಉತ್ತರ ಕೊಡುತ್ತದೆ. 60 ಬಂದರೆ ಲೈನು ತುದಿಯಿಂದ ತುದಿಗೆ ಇದೆ. 120 ಬಂದರೆ ಒಂದು ತುದಿ ಕಡಿದುಹೋಗಿದೆ. ಸೊನ್ನೆಯ ಹತ್ತಿರ ಬಂದರೆ ತಂತಿಗಳೆರಡೂ ಎಲ್ಲೋ ಒಂದಕ್ಕೊಂದು ತಾಗಿವೆ.

ತೀರ್ಥಹಳ್ಳಿಯ ಹುಡುಗನಿಗೆ ನಾನು ಮೊದಲು ಹೇಳಿದ್ದು ಮೀಟರಿನ ಮಾತಲ್ಲ. ಕೀಲಿಯನ್ನು ಗಾಡಿಯಿಂದ ದೂರ ಇಡು. 12 ವೋಲ್ಟಿನ ಬ್ಯಾಟರಿಯ ನೆಗೆಟಿವ್ ಕಳಚು. 1000 ವೋಲ್ಟ್ ತಡೆಯುವ ಗ್ಲೌಸ್ ಹಾಕಿಕೊಂಡು, ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವೀಸ್ ಪ್ಲಗ್ ತೆಗೆದು ನಿನ್ನ ಜೇಬಿನಲ್ಲಿಟ್ಟುಕೋ. ತಯಾರಕರು ಹೇಳಿದಷ್ಟು ನಿಮಿಷ ಕಾಯಿ, ಕೆಪಾಸಿಟರುಗಳು ಖಾಲಿಯಾಗಬೇಕು. ಕಿತ್ತಳೆ ಬಣ್ಣದ ಕೇಬಲ್ಲಿಗೆ ಕೈ ಹಾಕಬೇಡ. ಕೇಳುಗರೇ, ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ಜೀವ ತೆಗೆಯುವಷ್ಟು ವೋಲ್ಟ್ ಇರುತ್ತದೆ. ತರಬೇತಿ ಇಲ್ಲದವರು, ಅವರು ಎಷ್ಟೇ ಹಳೆಯ ಮೇಸ್ತ್ರಿಯಾಗಿರಲಿ, ಅದನ್ನು ಮುಟ್ಟಬಾರದು. ಮನೆಯಲ್ಲಿ ಮಕ್ಕಳಿಗೂ ಈ ಬಣ್ಣ ತೋರಿಸಿ ಹೇಳಿ.

ಹುಡುಗ ಎಲ್ಲ ಮಾಡಿ, ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ 16 ಪಿನ್ನಿನ ಸಾಕೆಟ್ಟಿನಲ್ಲಿ 6 ಮತ್ತು 14ನೆಯ ಪಿನ್ನಿನ ನಡುವೆ ಮೀಟರು ಹಿಡಿದ. 6 ಹೈ, 14 ಲೋ. ಕೆಲವು ಹೊಸ ಗಾಡಿಗಳಲ್ಲಿ ನಡುವೆ ಗೇಟ್‌ವೇ ಎಂಬ ಕಾವಲಿನ ಪೆಟ್ಟಿಗೆ ಇದ್ದು, ಒಳಗಿನ ಲೈನು ಇಲ್ಲಿಗೆ ನೇರ ಬರುವುದಿಲ್ಲ. ಈ ಗಾಡಿಯಲ್ಲಿ ಬರುತ್ತಿತ್ತು.

"ಸಾರ್, 120" ಅಂದ.

ಅವನ ದನಿಯಲ್ಲಿ ಬಂದ ಬದಲಾವಣೆ ನನಗೆ ಫೋನಿನಲ್ಲೇ ಗೊತ್ತಾಯಿತು. ವೈರಿಂಗ್ ನಕ್ಷೆ ಅವನ ಹತ್ತಿರ ಇರಲಿಲ್ಲ. ಬ್ಯಾಟರಿ ಪೆಟ್ಟಿಗೆಗೆ ಹೋಗುವ ಸಣ್ಣ ಕಪ್ಲರ್ ಬಿಚ್ಚಿ, ಅದರಲ್ಲಿ ಹೊಸೆದ ಜೋಡಿ ತಂತಿಯನ್ನು ಕಣ್ಣಿನಿಂದಲೇ ಗುರುತಿಸಿದ. ಬ್ಯಾಟರಿಯ ಕಡೆಗೆ ಅಳೆದರೆ 120 ಓಮ್. ಅಂದರೆ ಲೈನಿನ ಒಂದು ತುದಿ ಬ್ಯಾಟರಿಯ ಒಳಗೇ ಇದೆ, ಅದು ಕೆಟ್ಟಿಲ್ಲ. ಗಾಡಿಯ ಕಡೆಗೆ ಅಳೆದರೆ ಮೀಟರು ಏನನ್ನೂ ತೋರಿಸಲಿಲ್ಲ. ಮುಂದಿನ ತುದಿಯ 120 ಇಲ್ಲಿ ಕಾಣಬೇಕಿತ್ತು. ನಡುವೆ ಎಲ್ಲೋ ತುಂಡಾಗಿದೆ. ಒಂದೊಂದೇ ತಂತಿ ಹಿಡಿದು ನೋಡಿದ. ಹೈ ಸರಿಯಿತ್ತು, ಲೋ ಇರಲಿಲ್ಲ. ಹಿಂದಿನ ಸೀಟು ಎತ್ತಿ ಕಾರ್ಪೆಟ್ ಬಿಡಿಸಿದಾಗ ಅಡಿಕೆ ಸಿಪ್ಪೆಯ ಚೂರು, ಕಿತ್ತ ಸ್ಪಂಜು, ಇಲಿಯ ಹಿಕ್ಕೆ. ಕೊಟ್ಟಿಗೆಯ ಪಕ್ಕ ನಿಲ್ಲಿಸುತ್ತಿದ್ದ ಗಾಡಿ ಅದು. ಲೋ ತಂತಿ ಕಡಿದು ಬಿದ್ದಿತ್ತು, ಹೈ ತಂತಿಯ ಮೇಲಿನ ಹೊದಿಕೆ ಹೋಗಿ ತಾಮ್ರ ಹೊಳೆಯುತ್ತಿತ್ತು.

ಅಂಗೈ ಉದ್ದದ ಹೊಸ ತಂತಿ ಸೇರಿಸಿ, ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆ ಹೊದಿಸಿ, ಮೊದಲಿನ ಹಾಗೇ ಹೊಸೆದು ಕಟ್ಟಿದ. ಮತ್ತೆ 6 ಮತ್ತು 14ರ ನಡುವೆ ಹಿಡಿದರೆ 60. ಎಲ್ಲ ಕ್ರಮವಾಗಿ ಜೋಡಿಸಿ ಬಟನ್ ಒತ್ತಿದಾಗ ರೆಡಿ ದೀಪ ಬಂತು. ತೋಟದ ಯಜಮಾನರು ಫೋನು ತೆಗೆದುಕೊಂಡು ನನ್ನ ಹತ್ತಿರ ಏನೋ ಹೇಳಬೇಕು ಅಂತ ಹೊರಟು, "ಒಂದ್ಸಲ ನಮ್ಮನೆಗೆ ಬನ್ನಿ ಮೇಷ್ಟ್ರೇ" ಅಂದಷ್ಟೇ ಹೇಳಿ ಹುಡುಗನ ಕೈಗೆ ವಾಪಸು ಕೊಟ್ಟರು.

ಒಂದು ತಂತಿ ಕಡಿದ ಮಾತ್ರಕ್ಕೆ ಇಡೀ ಗಾಡಿ ಯಾಕೆ ನಿಲ್ಲಬೇಕು ಅಂತ ನೀವು ಕೇಳಬಹುದು. ಬ್ಯಾಟರಿಗೂ ಮೋಟಾರಿಗೂ ನಡುವೆ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚುಗಳಿವೆ. ಒಳಗಿನ ಬಿಸಿ, ವೋಲ್ಟೇಜು, ಸೋರಿಕೆ ಎಲ್ಲ ಸರಿಯಿದೆ ಎಂಬ ಮಾತು ಕಿವಿಗೆ ಬೀಳದ ಹೊರತು ಗಾಡಿ ಆ ಬಾಗಿಲು ತೆರೆಯುವುದಿಲ್ಲ. ಅದು ಹಾಗಿರುವುದೇ ಸರಿ. ಹೈಬ್ರಿಡ್ ಗಾಡಿಗಳಲ್ಲಿ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಜಪಾನಿನಲ್ಲಿ 1997ರಲ್ಲಿ ಬಂದ ಟೊಯೋಟಾ ಪ್ರಿಯಸ್ಸಿನ ವ್ಯವಸ್ಥೆಯಲ್ಲಿ, 2013ರಿಂದ ನಮ್ಮ ಬಿಡದಿಯಲ್ಲೇ ಜೋಡಣೆಯಾದ ಅದೇ ಕುಲದ ಕ್ಯಾಮ್ರಿ ಹೈಬ್ರಿಡ್ಡಿನಲ್ಲೂ, ಎಂಜಿನ್ ತಿರುಗಿಸಲು ಬೇರೆ ಸ್ಟಾರ್ಟರ್ ಮೋಟಾರೇ ಇಲ್ಲ. ದೊಡ್ಡ ಬ್ಯಾಟರಿಯಿಂದ ನಡೆಯುವ ಮೋಟಾರೇ ಎಂಜಿನನ್ನೂ ತಿರುಗಿಸುತ್ತದೆ. ಹಾಗಾಗಿ ಬ್ಯಾಟರಿಯ ಮಾತು ಕೇಳಿಸದೆ ಹೋದರೆ, ಟ್ಯಾಂಕಿನ ತುಂಬ ಪೆಟ್ರೋಲಿದ್ದರೂ ಎಂಜಿನ್ ಏಳುವುದಿಲ್ಲ. ಇದು ಗೊತ್ತಿಲ್ಲದವರು ಪೆಟ್ರೋಲ್ ಪಂಪು ಬಿಚ್ಚಿ ಕೂತಿರುವುದನ್ನು ಕಂಡಿದ್ದೇನೆ.

ಸಂಪರ್ಕ ತಪ್ಪಿದೆ ಎಂಬ ಕೋಡು ಬಂದಾಗ ಯಾರು ಯಾರ ಮೇಲೆ ದೂರು ಹೇಳುತ್ತಿದ್ದಾರೆ ಅಂತ ನೋಡಬೇಕು. ಐದಾರು ಪೆಟ್ಟಿಗೆಗಳು ಸೇರಿ ಒಬ್ಬನ ಮೇಲೇ ದೂರಿದರೆ ಆ ಒಬ್ಬನ ಹತ್ತಿರ ಹೋಗಿ. ಹೋದವರು ಅವನನ್ನು ಕಿತ್ತು ಹಾಕಬಾರದು. ಅವನಿಗೆ ಕರೆಂಟು ಬರುತ್ತಿದೆಯೆ, ಫ್ಯೂಸ್ ಇದೆಯೆ, ಅರ್ತ್ ಗಟ್ಟಿಯಾಗಿದೆಯೆ, ತಂತಿ ಮುಟ್ಟಿದೆಯೆ, ಇಷ್ಟನ್ನು ವಿಚಾರಿಸಿದ ಮೇಲೆ ಪೆಟ್ಟಿಗೆಯ ಮಾತು. ಎಲ್ಲರೂ ಎಲ್ಲರ ಮೇಲೂ ದೂರುತ್ತಿದ್ದರೆ ಲೈನೇ ಕೆಟ್ಟಿದೆ, ಇಲ್ಲವೆ ಯಾರೋ ಒಬ್ಬರು ಎಡೆಬಿಡದೆ ಕಿರುಚಿ ಬೇರೆಯವರಿಗೆ ಬಾಯಿ ಬಿಡಲು ಕೊಡುತ್ತಿಲ್ಲ. ಆಗ ಒಂದೊಂದೇ ಕಪ್ಲರ್ ಕಳಚುತ್ತ ಹೋಗಿ ಯಾರನ್ನು ತೆಗೆದಾಗ ಉಳಿದವರ ಮಾತು ಮರಳುತ್ತದೆ ಅಂತ ನೋಡಬೇಕು. ಕಿರುಚಾಟಕ್ಕೆ ಕ್ಯಾನ್ ಲೈನಿನಲ್ಲೇ ಒಂದು ಶಿಸ್ತುಂಟು. ಪ್ರತಿ ಪೆಟ್ಟಿಗೆಯೂ ತನ್ನ ತಪ್ಪನ್ನು ತಾನೇ ಎಣಿಸಿಕೊಳ್ಳುತ್ತದೆ. ಕಳಿಸುವಾಗ ತಪ್ಪಾದರೆ ಎಣಿಕೆಗೆ 8 ಸೇರುತ್ತದೆ, ಸರಿಯಾಗಿ ಕಳಿಸಿದರೆ 1 ಕಳೆಯುತ್ತದೆ. ಎಣಿಕೆ 255 ದಾಟಿದರೆ ಆ ಪೆಟ್ಟಿಗೆ ತಾನಾಗಿ ಲೈನಿನಿಂದ ಹೊರಗೆ ಹೋಗುತ್ತದೆ. ಹೊರಗಿನವರಿಗೆ ಅದು ಸತ್ತಂತೆ ಕಾಣುತ್ತದೆ, ಆದರೆ ಅದು ಜೀವಂತವಾಗಿಯೇ ಇರುತ್ತದೆ. ನೀರು ಹೊಕ್ಕು ಕಿಲುಬು ಹಿಡಿದ ಒಂದು ಪಿನ್ನು ಈ ಸ್ಥಿತಿ ತರಬಲ್ಲದು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳ ಕಪ್ಲರುಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದು ವ್ಯರ್ಥವಲ್ಲ.

ಚಿಕ್ಕ ಬ್ಯಾಟರಿಯ ವಿಷಯ ಹೇಳದೆ ಹೋದರೆ ನನ್ನ ವಿದ್ಯಾರ್ಥಿಗಳು ನನ್ನನ್ನು ಬಿಡುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಪೆಟ್ಟಿಗೆಗಳಿಗೆಲ್ಲ ಅದೇ ಊಟ, ಕಾಂಟ್ಯಾಕ್ಟರಿನ ಬಾಗಿಲು ತೆರೆಯುವುದೂ ಅದರ ಬಲದಿಂದಲೇ. ಅದು ಸೊರಗಿದರೆ ಪೆಟ್ಟಿಗೆಗಳು ಒಂದೊಂದಾಗಿ ತಡವರಿಸಿ, ಸ್ಕ್ಯಾನರಿನಲ್ಲಿ ಹತ್ತು ಹದಿನೈದು ಸಂಪರ್ಕದ ಕೋಡುಗಳು ಒಟ್ಟಿಗೆ ಬರುತ್ತವೆ. ಅಂಥ ಪಟ್ಟಿ ಕಂಡರೆ ಹೆದರಬೇಡಿ. ಆ ಸಣ್ಣ ಬ್ಯಾಟರಿಯ ವೋಲ್ಟ್ ನೋಡಿ, ಬೇಕಿದ್ದರೆ ಚಾರ್ಜ್ ಮಾಡಿ, ಕೋಡು ಅಳಿಸಿ, ಮತ್ತೆ ಯಾವುದು ಬರುತ್ತದೆ ನೋಡಿ. ಮರಳಿ ಬಂದದ್ದು ಮಾತ್ರ ನಿಜವಾದ ದೂರು. ಹೊರಗಿನಿಂದ ಹಾಕಿಸಿದ ಅಲಾರಂ, ಗಾಡಿ ಎಲ್ಲಿದೆ ಅಂತ ತೋರಿಸುವ ಟ್ರ್ಯಾಕರ್ ಇದ್ದರೆ ಅವನ್ನೂ ಮೊದಲೇ ಕಳಚಿ ನೋಡಿ. ಕ್ಯಾನ್ ಲೈನಿನ ಸಿಪ್ಪೆ ಸುಲಿದು ಅದಕ್ಕೇ ಸುತ್ತಿಟ್ಟ ತಂತಿಗಳನ್ನು ನಾನು ಬಹಳ ಕಂಡಿದ್ದೇನೆ.

ಮಾತು ತಪ್ಪುವ ಇನ್ನೊಂದು ಜಾಗ ಚಾರ್ಜರಿನ ಹತ್ತಿರ. ಕಾರಿನ ಚಾರ್ಜಿಂಗ್ ಗನ್ನಿನಲ್ಲಿ ಕಂಟ್ರೋಲ್ ಪೈಲಟ್ ಎಂಬ ಒಂದು ಸಣ್ಣ ಪಿನ್ನಿದೆ. ಚಾರ್ಜರ್ ಅದರಲ್ಲಿ 12 ವೋಲ್ಟ್ ಇಟ್ಟುಕೊಂಡು ಕಾಯುತ್ತದೆ. ಗನ್ನು ಸಿಕ್ಕಿಸಿದರೆ ಕಾರು ಅದನ್ನು 9ಕ್ಕೆ ಇಳಿಸುತ್ತದೆ, "ಬಂದಿದ್ದೇನೆ" ಅಂದ ಹಾಗೆ. ತೆಗೆದುಕೊಳ್ಳಲು ಸಿದ್ಧವಾದಾಗ 6ಕ್ಕೆ ಇಳಿಸುತ್ತದೆ. ಚಾರ್ಜರ್ ಸೆಕೆಂಡಿಗೆ 1000 ಸಲ ಮಿಡಿಯುತ್ತ, ಮಿಡಿತದ ಅಗಲದಿಂದ ತಾನು ಎಷ್ಟು ಕೊಡಬಲ್ಲೆ ಅಂತ ಹೇಳುತ್ತದೆ. ಮಿಡಿತ ಅರ್ಧಕ್ಕಿಂತ ತುಸು ಅಗಲವಿದ್ದರೆ 32 ಆಂಪಿಯರ್, ಕಾಲು ಭಾಗದ ಆಸುಪಾಸಿನಲ್ಲಿದ್ದರೆ 16. ನಮ್ಮಲ್ಲಿ ಬಳಕೆಯಲ್ಲಿರುವ ಸಿಸಿಎಸ್ ವೇಗದ ಚಾರ್ಜರುಗಳಲ್ಲಿ ಅಗಲ ಶೇಕಡಾ 5ಕ್ಕೆ ಇಳಿದು, ಮುಂದಿನ ಮಾತುಕತೆ ಅದೇ ತಂತಿಯ ಮೇಲೆ ಬೇರೆ ಭಾಷೆಯಲ್ಲಿ ನಡೆಯುತ್ತದೆ. ಈ ಎಲ್ಲ ಮಾತಿಗೂ ವಾಪಸು ಬರುವ ದಾರಿ ಅರ್ತ್ ತಂತಿ. ಅರ್ತ್ ಸಡಿಲವಿದ್ದರೆ ಚಾರ್ಜಿಂಗ್ ಶುರುವಾಗುವುದೇ ಇಲ್ಲ. ಮನೆಯ ಸಾಕೆಟ್ಟಿಗೆ ಹಾಕುವ ಚಾರ್ಜರುಗಳು ಮನೆಯ ಅರ್ತಿಂಗನ್ನೂ ಪರೀಕ್ಷಿಸುತ್ತವೆ. ಬಯಲುಸೀಮೆಯ ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿ, ಹಾಕಿದ್ದ ಉಪ್ಪು ಇದ್ದಿಲು ಬರಡಾಗಿ, ಚಾರ್ಜರ್ ಕೆಂಪು ದೀಪ ತೋರಿಸಿದಾಗ ಜನ ಗಾಡಿಯನ್ನು ದೂರುತ್ತಾರೆ. ಗುಂಡಿಗೆ ನಾಲ್ಕು ಕೊಡ ನೀರು ಹಾಕಿಸಿ ಎಷ್ಟೋ ಮನೆಗಳಲ್ಲಿ ಚಾರ್ಜಿಂಗ್ ನಡೆಯುವಂತೆ ಮಾಡಿದ್ದೇನೆ. ಆಮೇಲೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ತಿಂಗನ್ನು ಸರಿಯಾಗಿ ಮಾಡಿಸಲೇಬೇಕು.

ಇಂಥ ದೋಷ ಹುಡುಕುವ ಕೆಲಸಕ್ಕೆ ಬೇಕಾದ ಬುದ್ಧಿ, ಕೈಚಳಕ ನಮ್ಮ ಊರಿನ ಹುಡುಗರಿಗೆ ಇದೆ. ಇಲ್ಲದಿರುವುದು ವೈರಿಂಗ್ ನಕ್ಷೆ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಲೈನಿನ ತುದಿಗಳು ಯಾವ ಪೆಟ್ಟಿಗೆಯಲ್ಲಿವೆ ಎಂಬುದು ಕಂಪನಿಯ ಸರ್ವೀಸ್ ಸೆಂಟರಿನ ಒಳಗೇ ಉಳಿದರೆ, ಅಲ್ಲಿಗೆ ನೂರು ಕಿಲೋಮೀಟರ್ ದೂರವಿರುವ ಮಲೆನಾಡಿನ ಗಾಡಿಯನ್ನು ಲಾರಿಯ ಮೇಲೆ ಹೊತ್ತು ಒಯ್ಯಬೇಕು. ಈ ನೋವು ಇವತ್ತಿನದಲ್ಲ. ಬಿಡಿಭಾಗಗಳನ್ನೂ ಪರೀಕ್ಷೆಯ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗಳಿಗೂ ಮೀರಿದ ದಂಡ ಹಾಕಿತ್ತು. ಅದು ಮೇಲ್ಮನವಿಗೂ ಹೋಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿತು. ಅಲ್ಲಿಗೆ ನಕ್ಷೆಗಳು ಬರಬೇಕು, ಕನ್ನಡದಲ್ಲೂ ಬರಬೇಕು ಎಂಬುದು ನನ್ನ ಬೇಡಿಕೆ. ಹೊಸ ಗಾಡಿ ಕೊಳ್ಳುವಾಗ ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಅಂತ ಎಲ್ಲರೂ ಕೇಳುತ್ತೀರಿ. ಕೆಟ್ಟರೆ ನಮ್ಮ ಊರಿನ ಗ್ಯಾರೇಜಿಗೆ ಅದರ ನಕ್ಷೆ ಸಿಗುತ್ತದೆಯೆ ಅಂತಲೂ ಕೇಳಿ. ಹತ್ತು ಜನ ಕೇಳಿದರೆ ಶೋರೂಮಿನವರು ಮೇಲಿನವರಿಗೆ ತಿಳಿಸುತ್ತಾರೆ.

ತೀರ್ಥಹಳ್ಳಿಯ ಹುಡುಗ ಅದಕ್ಕಾಗಿ ಕಾದು ಕೂತಿಲ್ಲ. ಅವತ್ತು ರಾತ್ರಿ ಗಾಡಿ ಹೋದ ಮೇಲೆ, ತಾನು ಕಂಡ ಕಪ್ಲರಿನ ಆಕಾರ, ಪಿನ್ನುಗಳ ಸಂಖ್ಯೆ, ತಂತಿಗಳ ಬಣ್ಣ, ಎಲ್ಲಿ ಎಷ್ಟು ಓಮ್ ಬಂತು ಎಂಬುದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟ. ಆಮೇಲೆ ಬಂದ ಪ್ರತಿ ಗಾಡಿಗೂ ಒಂದೊಂದು ಪುಟ. ಕಳೆದ ತಿಂಗಳು ಕೊಪ್ಪದ ಒಬ್ಬ ಮೆಕ್ಯಾನಿಕ್ ಅವನಿಗೆ ಫೋನು ಮಾಡಿ, ಆ ಮೊದಲನೆಯ ಪುಟದ ಫೋಟೊ ಕಳಿಸು ಅಂತ ಕೇಳಿದನಂತೆ. ಕೊಪ್ಪದವನ ಶೆಡ್ಡಿನಲ್ಲಿ ನಿಂತಿದ್ದ ಗಾಡಿಯಲ್ಲೂ ಮೀಟರು 120 ತೋರಿಸುತ್ತಿತ್ತು.